ನಾಲ್ಕೂವರೆ ಗಂಟೆಯ ದೋಷಗಳು

ನಮ್ಮ ವಿಮಾನ ಒಮ್ಮೆಯೂ ಹಾರಿದ್ದಲ್ಲ. ಆದರೂ ಅದರ ಕಾಯಿಲೆಗಳ ದಾಖಲೆ ಎರಡು ರಿಜಿಸ್ಟರ್ ತುಂಬಿ ಮೂರನೆಯದರ ಅರ್ಧಕ್ಕೆ ಬಂದಿದೆ. ಮೂರರಲ್ಲೂ ಅಕ್ಷರ ನನ್ನದು. ಅಕ್ಷರ ದುಂಡಗಿದೆ, ಸಾಲು ನೆಟ್ಟಗಿದೆ, ಇತ್ತೀಚಿನವರೆಗೆ ಎಲ್ಲಿಯೂ ಹೊಡೆದುಹಾಕಿದ ಗುರುತಿರಲಿಲ್ಲ. ಸಂಶಯ ಬರಬೇಕಾಗಿದ್ದದ್ದು ಅಲ್ಲೇ.

ಇಸಳೂರಿನಲ್ಲಿ ಹೊಸ ಮನೆಗಳ ಸಾಲು ಮುಗಿಯುವ ಕಡೆ ತಗಡಿನ ಮಾಡಿನ ಒಂದು ಹಾಲ್ ಇದೆ. ಮೊದಲು ಟೈಲ್ಸ್ ಗೋದಾಮಾಗಿತ್ತು. ಈಗ ಅದರೊಳಗೆ ಒಂದು ಯುದ್ಧವಿಮಾನದ ಮೂತಿ ಇದೆ. ಮೂತಿ ಮಾತ್ರ: ಪೈಲಟ್ ಕೂರುವ ಜಾಗ, ಎದುರಿಗೆ ಮುಳ್ಳುಗಳ ಫಲಕ, ಕಾಲುಗಳ ನಡುವೆ ವಿಮಾನ ತಿರುಗಿಸುವ ಸ್ಟಿಕ್ಕು, ಮುಂದೆ ಗೋಡೆಯಷ್ಟಗಲದ ಪರದೆ. ರೆಕ್ಕೆಯಿಲ್ಲ, ಬಾಲವಿಲ್ಲ, ಎಂಜಿನ್ನಿನ ಬದಲು ಎರಡು ಸ್ಪೀಕರ್. ಗುಜರಿ ಹರಾಜಿನಲ್ಲಿ ಬಂದ ಹಳೆಯ ತರಬೇತಿ ಯಂತ್ರವನ್ನು ಹೊಸ ಕಂಪ್ಯೂಟರುಗಳಿಗೆ ಜೋಡಿಸಿ ಈ ಸಿಮ್ಯುಲೇಟರ್ ಎಬ್ಬಿಸಿದವರು ತ್ಯಾಗಲಿ ಕಡೆಯ ಒಬ್ಬ ನಿವೃತ್ತ ಪೈಲಟ್. ವಾಯುಪಡೆ ಸೇರಬೇಕೆನ್ನುವ ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡುತ್ತಾರೆ. ನಾನು ಯಲ್ಲಾಪುರದವನು, ಅದೇ ಪಡೆಯಲ್ಲಿ ಸಿಮ್ಯುಲೇಟರ್ ರಿಪೇರಿ ಮಾಡುತ್ತಿದ್ದವನು. ಅವರು ಅಧಿಕಾರಿಯಾಗಿದ್ದರು, ನಾನು ಆಗಿರಲಿಲ್ಲ. ಇಬ್ಬರೂ ನಿವೃತ್ತರಾದೆವು, ಆ ವ್ಯತ್ಯಾಸ ಮಾತ್ರ ಇನ್ನೂ ಸೇವೆಯಲ್ಲಿದೆ. ಅವರು ನನಗೆ ಸರ್, ನಾನು ಅವರಿಗೆ ಮಾರಾಯ.

ಸಿಮ್ಯುಲೇಟರಿನಲ್ಲಿ ಎರಡು ಬಗೆಯ ದೋಷಗಳಿರುತ್ತವೆ. ಒಂದು ನಾವೇ ಹಾಕುವಂಥದ್ದು. ಸರ್ ಹಿಂದಿನ ಮೇಜಿನಲ್ಲಿ ಕೂತು ಒಂದು ಬಟನ್ ಒತ್ತಿದರೆ ಎಂಜಿನ್ನಿಗೆ ಬೆಂಕಿ ಬೀಳುತ್ತದೆ, ಇನ್ನೊಂದು ಒತ್ತಿದರೆ ಇಂಧನ ಸೋರುತ್ತದೆ. ವಿದ್ಯಾರ್ಥಿ ಗಾಬರಿಯಾಗದೆ ನಿಭಾಯಿಸಬೇಕು. ಇನ್ನೊಂದು ತಾನಾಗಿ ಬರುವಂಥದ್ದು: ಪರದೆ ಕಪ್ಪಾಗುವುದು, ಎತ್ತರ ತೋರಿಸುವ ಮುಳ್ಳು ಅಂಟಿಕೊಳ್ಳುವುದು. ಇದಕ್ಕೆ ನಮ್ಮಲ್ಲಿ ಸ್ನ್ಯಾಗ್ ಎನ್ನುತ್ತಾರೆ. ಒಳಗೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಸುಳ್ಳು ವಿಮಾನದ ಸುಳ್ಳು ದೋಷ ಯಾವುದು, ನಿಜ ದೋಷ ಯಾವುದು ಎಂದು ಬೇರ್ಪಡಿಸಿ ಬರೆದಿಡುವುದು ನನ್ನ ಕೆಲಸ. ಸಂಬಂಧಿಕರು ಕೇಳಿದಾಗ ಇದನ್ನು ವಿವರಿಸಲು ಪ್ರಯತ್ನಿಸಿ ಬಿಟ್ಟಿದ್ದೇನೆ. ಕಂಪ್ಯೂಟರ್ ಕೆಲಸ ಎಂದರೆ ಅವರಿಗೂ ಸಮಾಧಾನ.

ರಿಜಿಸ್ಟರಿನಲ್ಲಿ ದಿನಾಂಕ, ಸಮಯ, ದೋಷ, ಕಾರಣ, ಪರಿಹಾರ, ಕೊನೆಗೆ ಎರಡು ಸಹಿ. ಪಡೆಯಲ್ಲಿದ್ದಾಗ ದೋಷ ಕಂಡ ಗಳಿಗೆಯಲ್ಲೇ ಚೀಟಿಯಲ್ಲಿ ಗೀಚಿಕೊಂಡು ಸಂಜೆ ಅದನ್ನು ರಿಜಿಸ್ಟರಿಗೆ ಇಳಿಸುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ಚೀಟಿ ಬಿಟ್ಟೆ, ಸಂಜೆಯನ್ನು ಉಳಿಸಿಕೊಂಡೆ. ನಾಲ್ಕೂವರೆಗೆ ಎದುರಿನ ಅಂಗಡಿಯಿಂದ ಚಾ ಬರುತ್ತದೆ. ಸರ್ ಅರ್ಧ ಕುಡಿಯುವಷ್ಟರಲ್ಲಿ ನಾನು ದಿನದ ದೋಷಗಳನ್ನೆಲ್ಲ ನೆನಪಿಸಿಕೊಂಡು ಬರೆಯುತ್ತಿದ್ದೆ, ಉಳಿದರ್ಧ ಕುಡಿಯುವಷ್ಟರಲ್ಲಿ ಅವರು ಸಹಿ ಹಾಕುತ್ತಿದ್ದರು. ಸಮಯದ ಕಾಲಮಿನಲ್ಲಿ ನಾಲ್ಕೂವರೆ ಎಂದೇ ಬರೆಯುತ್ತಿದ್ದೆ. ಬರೆದದ್ದು ನಾಲ್ಕೂವರೆಗೆ ತಾನೆ. ಪ್ರಾಮಾಣಿಕತೆಯಲ್ಲಿ ನನಗೆ ನಾನೇ ಮಾದರಿಯಾಗಿದ್ದೆ.

ದೀಪಾವಳಿ ಕಳೆದ ಮೇಲೆ ಕಾನಸೂರಿನಿಂದ ಒಬ್ಬ ಹುಡುಗಿ ಬರತೊಡಗಿದಳು. ಡಿಗ್ರಿ ಮುಗಿದಿತ್ತು, ಮನೆಯಲ್ಲಿ ಗದ್ದೆ, ನಾಲ್ಕು ಎಮ್ಮೆ. ಮೊದಲ ದಿನ ಯಂತ್ರದ ಸುತ್ತ ಒಂದು ಸುತ್ತು ಬಂದು, "ಇದಕ್ಕೆ ಹಿಂದೆ ಎಂತದೂ ಇಲ್ಲ ಅಲ್ದಾ?" ಎಂದು ಕೇಳಿದ್ದಳು. ಎಮ್ಮೆ ಕೊಳ್ಳಲು ಬಂದವರು ನೋಡುವ ಹಾಗೆ ನೋಡಿದಳು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಎಮ್ಮೆಯ ವಿಷಯ ನನಗೆ ಗೊತ್ತಾದದ್ದು ತಿಂಗಳ ಮೇಲೆ. ಹಾಗಾಗಿ ಆ ಹೋಲಿಕೆಯನ್ನು ಆಮೇಲೆ ಸೇರಿಸಿಕೊಂಡಿದ್ದೇನೆ. ಬರಿದೆ ನೋಡಿದಳು, ಅಷ್ಟೇ.

ಅವಳು ಹೋಗಬೇಕಾಗಿದ್ದ ಆಯ್ಕೆಯಲ್ಲಿ ಕೈ, ಕಣ್ಣು, ಕಾಲುಗಳ ಹೊಂದಾಣಿಕೆಯನ್ನು ಒಂದು ಯಂತ್ರದ ಮೇಲೆ ಪರೀಕ್ಷಿಸುತ್ತಾರೆ. ಆ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ತಪ್ಪಿದರೆ ವಿಮಾನ ಹಾರಿಸುವ ಕೆಲಸಕ್ಕೆ ಮತ್ತೆಂದೂ ಅರ್ಜಿ ಹಾಕುವಂತಿಲ್ಲ. ಮದುವೆಗೂ ಇಷ್ಟು ಬಿಗಿಯಾದ ನಿಯಮವಿಲ್ಲ ಎಂದು ಸರ್ ಹೇಳುತ್ತಿದ್ದರು.

ಅವಳ ಸಮಯ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ. ಆಮೇಲೆ ಪೇಟೆಯಲ್ಲಿ ಇನ್ನೊಂದು ಕ್ಲಾಸು ಮುಗಿಸಿ ನಾಲ್ಕರ ಬಸ್ಸಿಗೆ ಊರಿಗೆ ಮರಳುತ್ತಿದ್ದಳು. ಮೊದಲ ಅರ್ಧ ತಾಸು ಅವಳ ವಿಮಾನ ಗೆರೆ ಎಳೆದಂತೆ ಹೋಗುತ್ತಿತ್ತು. ಆಮೇಲೆ ಮೆಲ್ಲನೆ ಎಡಕ್ಕೆ ವಾಲತೊಡಗುತ್ತಿತ್ತು. ಅವಳು ಸ್ಟಿಕ್ಕನ್ನು ಬಲಕ್ಕೆ ಒತ್ತಿ "ಥೋ" ಎನ್ನುತ್ತಿದ್ದಳು. ಯಂತ್ರ ಸರಿಯಿಲ್ಲ ಎಂದು ಎರಡನೇ ವಾರದಲ್ಲೇ ಹೇಳಿದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಕ್ರಮದಂತೆ, ನಾನು ಸ್ಟಿಕ್ಕನ್ನು ಪರೀಕ್ಷಿಸಿದೆ. ನೆಟ್ಟಗಿತ್ತು. ಆ ಸಂಜೆ ಬರೆದದ್ದು: ದೋಷ, ಎಡಕ್ಕೆ ವಾಲುತ್ತದೆ ಎಂಬ ದೂರು. ಕಾರಣ, ವಿದ್ಯಾರ್ಥಿಯ ಕೈ ಭಾರ. ಪರಿಹಾರ, ದೋಷ ಕಂಡುಬಂದಿಲ್ಲ. ಸಮಯ, ನಾಲ್ಕೂವರೆ.

ಕೈ ಭಾರ ಎಂಬುದು ಸರ್ ತೀರ್ಮಾನ. ತರಗತಿಯಲ್ಲಿ ಅವರು ಇಂಗ್ಲಿಷ್ ಬೆರೆಸಿ ಶಿಸ್ತಾಗಿ ಮಾತಾಡುತ್ತಾರೆ. ನನ್ನೊಬ್ಬನ ಎದುರು, ಅದರಲ್ಲೂ ಸಿಟ್ಟು ಬಂದಾಗ, ತ್ಯಾಗಲಿಯ ಮನೆಮಾತು ಹೊರಬೀಳುತ್ತದೆ.

"ಮಷೀನಿಗೆ ಎಂತದೂ ಆಜಿಲ್ಲೆ ಮಾರಾಯ. ಎಂಗೆ ಗೊತ್ತಿದ್ದು. ಅರ್ಧ ತಾಸು ಆದ ಕೂಡ್ಲೆ ಆ ಕೂಸಿನ ಗಮನ ತಪ್ತು. ನೀ ಬರಿ, ಸುಮ್ನೆ ತಲೆಬಿಸಿ ಮಾಡ್ಕಳಡ."

ನಾನು ತಲೆಬಿಸಿ ಮಾಡಿಕೊಳ್ಳಲಿಲ್ಲ. ವಾಲುವುದು ದಿನವೂ ಇತ್ತು, ಅವಳು ದೂರು ಹೇಳಿದ್ದು ಮೂರು ತಿಂಗಳಲ್ಲಿ ಹನ್ನೊಂದು ಸಲ. ಹನ್ನೊಂದು ಸಲವೂ ಮರುದಿನ ಒಂಬತ್ತಕ್ಕೆ ಸ್ಟಿಕ್ಕು ನೆಟ್ಟಗಿತ್ತು. ಸರ್ ತಾವೇ ಕೂತು ಹಾರಿಸಿದರು, ಹನ್ನೊಂದೂವರೆಗೂ ಹಾರಿಸಿದರು, ಏನೂ ಆಗಲಿಲ್ಲ. ಮತ್ತೆ ಯಾರಿಗೆ ಸಂಶಯ?

ಗಮನ ನಿಲ್ಲಲೆಂದು ಸರ್ ಒಂದು ಮಂಗಳವಾರ ಅವಳಿಗೆ ಪ್ರಾಣಾಯಾಮ ಹೇಳಿಕೊಟ್ಟರು. ಬುಧವಾರ ಎರಡು ತಾಸೂ ವಿಮಾನ ಅಲ್ಲಾಡಲಿಲ್ಲ. ಗುರುವಾರವೂ ಹಾಗೆಯೇ. ಸರ್ ಇಡೀ ಹಾಲಿಗೆ ಕೇಳುವಂತೆ ಉಸಿರಾಟದ ಮಹಿಮೆ ವಿವರಿಸಿದರು. ನಾನು ಪರಿಹಾರದ ಕಾಲಮಿನಲ್ಲಿ ಪ್ರಾಣಾಯಾಮ ಎಂದು ಬರೆದೆ. ಯುದ್ಧವಿಮಾನದ ಸ್ನ್ಯಾಗ್ ರಿಜಿಸ್ಟರಿನಲ್ಲಿ ಆ ಶಬ್ದ ಇರುವುದು ಬಹುಶಃ ನಮ್ಮಲ್ಲಿ ಮಾತ್ರ. ಶುಕ್ರವಾರ ಹನ್ನೊಂದು ದಾಟುತ್ತಲೇ ವಿಮಾನ ಮತ್ತೆ ಎಡಕ್ಕೆ.

"ಬೆಳಿಗ್ಗೆ ಉಸಿರಾಟ ಮಾಡಿದ್ಯಾ?" ಎಂದು ಸರ್ ಕೇಳಿದರು.

"ಮಾಡಿದ್ದೆ ಸರ್."

"ಸರಿಯಾಗಿ?"

"ಉಸಿರಲ್ಲಿ ಸರಿಯಾಗಿ ಅಂದ್ರೆ ಎಂತ ಸರ್? ಒಳಗೆ ಹೋಯ್ತು, ಹೊರಗೆ ಬಂತು."

ನಮ್ಮ ಹಾಲಿಗೂ ಪಕ್ಕದ ಹಿಟ್ಟಿನ ಗಿರಣಿಗೂ ನಡುವೆ ಒಂದು ಗೋಡೆ ಮಾತ್ರ. ಗಿರಣಿ ನಡೆಸುವ ಅಕ್ಕ ಬನವಾಸಿ ಕಡೆಯವರು. ಮರುದಿನ ಶನಿವಾರ ಮನೆಯ ಗೋಧಿ ತೆಗೆದುಕೊಂಡು ಅಲ್ಲಿಗೆ ಹೋದೆ. ಜನ ಹೆಚ್ಚಿದ್ದರು.

"ಬರ್ರಿ ಅಣ್ಣಾರ, ಕುಂದರ್ರಿ. ಬುಧವಾರ, ಗುರುವಾರ ಗಿರಣಿ ನಿಲ್ಲಿಸಿ ಬೀಸೂ ಕಲ್ಲು ಕೆತ್ತಿಸಾಕ ಬಿಚ್ಚಿದ್ದೆ, ಅದಕ್ಕ ಗದ್ದಲ," ಎಂದರು. ಡಬ್ಬದಲ್ಲಿ ನನ್ನ ಗೋಧಿ ನೋಡುತ್ತ, "ನಿಮ್ಮ ಇಮಾನಕ್ಕ ಏನಾಗೇತ್ರಿ?" ಎಂದು ಕೇಳಿದರು.

"ಏನೂ ಆಗಿಲ್ಲ. ಯಾಕೆ?"

"ನಾ ಗಿರಣಿ ಹಚ್ಚೂದ ತಡ, ಅದರ ದನಿ ಉಸುರು ಕಟ್ಟಿದಂಗ ಆಕ್ಕತಿ. ಹಿಂದ ಆ ಹುಡುಗಿ 'ಥೋ' ಅಂತಾಳ. ದಿನಾ ಹನ್ನೊಂದಕ್ಕ ಇದ ಹಾಡು. ಮೊದ್ಲು ನನಗ ಬಯ್ಯಾಕತ್ತಾಳ ಅಂತ ತಿಳಕೊಂಡಿದ್ದೆ."

ಕೂಡಲೇ ಎದ್ದು ಓಡಿದೆ ಎಂದು ನನ್ನ ನೆನಪು ಹೇಳುತ್ತದೆ. ಆ ದಿನ ಮನೆಗೆ ಗೋಧಿ ಹಿಟ್ಟು ತಲುಪಿದ್ದೂ ನೆನಪಿದೆ. ಅಂದರೆ ಓಡಲಿಲ್ಲ. ಸರದಿ ಬರುವವರೆಗೆ ಕೂತು, ಹಿಟ್ಟು ಹಾಕಿಸಿಕೊಂಡು, ಡಬ್ಬದ ಮುಚ್ಚಳ ಬಿಗಿದು, ಆಮೇಲೆ ಹೋಗಿದ್ದೇನೆ. ಸ್ಟಿಕ್ಕಿನ ಬುಡಕ್ಕೆ ಮೀಟರ್ ಹಚ್ಚಿದಾಗ ಗೋಡೆಯಾಚೆ ಗಿರಣಿ ತಿರುಗುತ್ತಿತ್ತು. ಮೀಟರಿನ ಅಂಕಿ ಇಳಿದಿತ್ತು.

ವಿಷಯ ಇಷ್ಟೇ. ಗಿರಣಿಯ ಮೋಟಾರು ಶುರುವಾದರೆ ಲೈನಿನಲ್ಲಿ ಕರೆಂಟು ಸೊರಗುತ್ತದೆ. ನಮ್ಮ ಕಂಪ್ಯೂಟರುಗಳಿಗೆ ಯುಪಿಎಸ್ ಇದೆ, ಅವಕ್ಕೆ ತಿಳಿಯುವುದಿಲ್ಲ. ಸ್ಟಿಕ್ಕಿನ ಹಳೆಯ ಪವರ್ ಪೆಟ್ಟಿಗೆಯ ಪ್ಲಗ್ಗು ಮಾತ್ರ ಗೋಡೆಯಲ್ಲಿತ್ತು. ಅದಕ್ಕೆ ಕರೆಂಟು ಸಾಲದಾದಾಗ, ನೆಟ್ಟಗೆ ನಿಂತ ಸ್ಟಿಕ್ಕೂ ಕಂಪ್ಯೂಟರಿಗೆ ಎಡಕ್ಕೆ ವಾಲಿದಂತೆ ಕಾಣುತ್ತಿತ್ತು. ವಿಮಾನ ವಾಲಿದಾಗ ಸ್ಪೀಕರಿನ ಎಂಜಿನ್ ದನಿಯೂ ಕುಗ್ಗುತ್ತಿತ್ತು, ಅಕ್ಕ ಕೇಳಿಸಿಕೊಂಡದ್ದು ಅದನ್ನು. ಹಳೆಯ ಬಲ್ಬುಗಳಿದ್ದರೆ ಬೆಳಕು ಮಂಕಾಗಿ ನಮಗೂ ಗೊತ್ತಾಗುತ್ತಿತ್ತೇನೋ. ಈಗಿನ ಎಲ್‌ಇಡಿ ಬಲ್ಬುಗಳು ಏನಾದರೂ ಮುಖಭಾವ ಬದಲಿಸುವುದಿಲ್ಲ. ಬೇರೆ ಮಕ್ಕಳೆಲ್ಲ ಮಧ್ಯಾಹ್ನದ ಮೇಲೆ ಬರುವವರು, ಆಗ ಗಿರಣಿ ಬಂದ್ ಆಗಿರುತ್ತಿತ್ತು. ನಾನು ಪರೀಕ್ಷಿಸುವ ಒಂಬತ್ತಕ್ಕೆ ಗಿರಣಿಯ ಬಾಗಿಲು ತೆರೆದಿರುತ್ತಿರಲಿಲ್ಲ. ದೋಷದ ನಿಜವಾದ ಸಮಯವನ್ನು ಹನ್ನೊಂದು ಸಲದಲ್ಲಿ ನಾಲ್ಕು ಸಲ ಬರೆದಿದ್ದರೂ ಸಾಕಿತ್ತು, ಯಾವ ಕಣ್ಣಿಗಾದರೂ ಕಾಣುತ್ತಿತ್ತು. ರಿಜಿಸ್ಟರಿನ ಪ್ರಕಾರ ನಮ್ಮ ಯಂತ್ರಕ್ಕೆ ಚಾ ಬರುವ ಹೊತ್ತಿಗೆ ಮಾತ್ರ ಕಾಯಿಲೆ.

ಭಾನುವಾರ ಯಾರೂ ಇಲ್ಲದಾಗ ಬಂದು ಆ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಯುಪಿಎಸ್‌ಗೆ ಚುಚ್ಚಿದೆ. ಪ್ಲಗ್ಗು ಒಂದು ಮೊಳ ಸರಿಯಿತು, ಮೂರು ತಿಂಗಳ ಕೈ ಭಾರ ಹೋಯಿತು. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆದರೆ ಹಿಂದಿನ ಹನ್ನೊಂದು ಸಾಲುಗಳೂ ಸುಳ್ಳಾಗುತ್ತಿದ್ದವು, ಅವುಗಳ ಕೆಳಗೆ ಸರ್ ಸಹಿಯಿತ್ತು. ಅವರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ. ಯಾರ ಮರ್ಯಾದೆ ಎಂದು ಯಾರೂ ಕೇಳಲಿಲ್ಲ, ಹಾಲಿನಲ್ಲಿ ನಾನೊಬ್ಬನೇ ಇದ್ದೆ. ದೋಷ ಹೋಯಿತಲ್ಲ, ಹುಡುಗಿಗೆ ಒಳ್ಳೆಯದೇ ಆಯಿತು ಎಂದು ಬೀಗ ಹಾಕಿದೆ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಸೋಮವಾರ ಹನ್ನೊಂದಕ್ಕೆ ಗೋಡೆಯಾಚೆ ಗಿರಣಿ ಶುರುವಾಯಿತು. ಅವಳ ವಿಮಾನ ಬಲಕ್ಕೆ ಹೊರಳಿತು.

ಮೂರು ತಿಂಗಳು ಅವಳ ಕೈ ಪಾಠ ಕಲಿತಿತ್ತು: ಆ ಸದ್ದು ಬಂದರೆ ಬಲಕ್ಕೆ ಒತ್ತು. ಯಂತ್ರದ ದೋಷ ಯಂತ್ರದಿಂದ ಹೊರಟು ಅವಳ ಮಣಿಕಟ್ಟಿನಲ್ಲಿ ಕೂತಿತ್ತು. ಅದನ್ನು ನಾನು ಯಾವ ಯುಪಿಎಸ್‌ಗೆ ಚುಚ್ಚಲಿ? ಮಂಗಳವಾರವೂ ಅದೇ ಆಯಿತು. ಅವಳು "ಥೋ" ಎನ್ನಲಿಲ್ಲ. ಇಳಿದು ಬಂದು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕೂತಳು.

ಸರ್ ಕುರ್ಚಿ ಎಳೆದುಕೊಂಡು ಎದುರು ಕೂತರು. ದನಿ ಮೆತ್ತಗಿತ್ತು; ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

"ನೋಡು ತಂಗಿ, ಇಷ್ಟು ದಿನ ಎಡ, ಈಗ ಬಲ. ನೀನು ಹೋಗಿ ಫೇಲಾದ್ರೆ ಆ ಬಾಗಿಲು ಖಾಯಂ ಮುಚ್ಚಿದ ಹಾಗೆ. ನೆಲದ ಮೇಲಿನ ಕೆಲಸಕ್ಕೂ ಅರ್ಜಿ ಇದೆ, ಅದೂ ಅದೇ ಸಮವಸ್ತ್ರ. ಹಾರಾಟ ಬೇಡ ಅಂತ ಬರೆದುಕೊಟ್ಟುಬಿಡು. ನಿನ್ನ ಒಳ್ಳೆಯದಕ್ಕೆ ಹೇಳ್ತಿದ್ದೇನೆ."

ಅವಳು ಬಲಗೈಯನ್ನು ಮಡಿಲಿಗೆ ಇಳಿಸಿದಳು. ಆಮೇಲೆ, "ನಾಳೆ ಬರೆದು ತರ್ತೆ ಸರ್," ಎಂದಳು.

ಆಗ ನಾನು ಬಾಯಿಬಿಟ್ಟೆ. ಧೈರ್ಯದಿಂದಲ್ಲ. ನಾಳೆ ಅವಳು ತರುವ ಆ ಕಾಗದವನ್ನು ಫೈಲಿಗೆ ಸೇರಿಸಬೇಕಾದವನು ನಾನೇ ಆಗಿದ್ದೆ. ಹೇಳುವ ಮೊದಲು ತೋರಿಸಿಬಿಡೋಣ ಎನಿಸಿತು. "ಒಂದ್ಸಲ ಕೂತ್ಕೊ," ಎಂದೆ. ಗಿರಣಿ ನಡೆಯುತ್ತಲೇ ಇತ್ತು. ಸ್ಟಿಕ್ಕು ಮುಟ್ಟಬೇಡ ಎಂದು ಹೇಳಿ, ಪ್ಲಗ್ಗನ್ನು ಗೋಡೆಗೆ ಚುಚ್ಚಿದೆ. ಯಾರೂ ಮುಟ್ಟದ ವಿಮಾನ ಎಡಕ್ಕೆ ವಾಲಿತು. ಕಿತ್ತು ಯುಪಿಎಸ್‌ಗೆ ಚುಚ್ಚಿದೆ. ನಿಂತಿತು. ಮತ್ತೆ ಗೋಡೆಗೆ. ಮತ್ತೆ ಎಡಕ್ಕೆ. ಯಾವಾಗ ಕಂಡುಹಿಡಿದೆ, ಯಾವಾಗ ಬದಲಿಸಿದೆ, ಯಾಕೆ ಬರೆಯಲಿಲ್ಲ, ಎಲ್ಲ ಹೇಳಿದೆ.

"ಎಂತದೋ ಇದು!" ಎಂದು ಸರ್ ಎದ್ದರು. ಅವಳ ಎದುರೇ ತ್ಯಾಗಲಿ ಬಂದುಬಿಟ್ಟಿತ್ತು. "ಸುಳ್ಳು. ಎಂಗೆ ಒಂದು ದಿನನೂ ವಾಲಿದ್ದಿಲ್ಲೆ. ಏಳು ಕೂಸೇ, ಆನು ನೋಡ್ತೆ."

ಅವರು ಕೂತು ಸ್ಟಿಕ್ಕು ಹಿಡಿದರು. ನಾನು ಗೋಡೆಗೆ ಚುಚ್ಚಿದೆ. ವಿಮಾನ ಗೆರೆ ಎಳೆದಂತೆ ಹೋಯಿತು. "ಕಂಡ್ಯಾ?" ಎಂದರು.

"ಸರ್," ಎಂದಳು ಹುಡುಗಿ, "ನಿಮ್ಮ ಕೈ ನೋಡಿ."

ಅವರ ಮಣಿಕಟ್ಟು ಬಲಕ್ಕೆ ಬಾಗಿತ್ತು. ವರ್ಷಗಟ್ಟಲೆ ಆಕಾಶದಲ್ಲಿ ಪಳಗಿದ ಕೈ, ಯಜಮಾನರಿಗೆ ತಿಳಿಸದೆ ತಾನೇ ಸರಿಮಾಡಿಕೊಂಡು ಹೋಗುತ್ತಿತ್ತು. ಸರ್ ತಮ್ಮ ಕೈಯನ್ನು ನೋಡಿದರು. ಇಳಿಯಲಿಲ್ಲ. ಸುಳ್ಳು ಆಕಾಶದಲ್ಲಿ ಸ್ವಲ್ಪ ದೂರ ಹಾಗೇ ಹೋದರು.

ಹುಡುಗಿ ನನ್ನ ಮೇಜಿಗೆ ಬಂದು ರಿಜಿಸ್ಟರ್ ತೆಗೆದಳು. ಬೆರಳಿಟ್ಟು ಸಾಲು ಸಾಲು ಓದಿದಳು. ಅಳುತ್ತಾಳೆಂದು ನಾನು ಸಿದ್ಧನಾಗಿದ್ದೆ.

"ಅಣ್ಣ, ನನ್ನ ಕೈ ಭಾರ ಆದದ್ದೆಲ್ಲ ನಾಲ್ಕೂವರೆಗಾ?"

"ಅದು ಬರೆದ ಹೊತ್ತು."

"ನಾಲ್ಕೂವರೆಗೆ ನಾನು ಕಾನಸೂರು ಬಸ್ಸಲ್ಲಿ ಇರ್ತೆ. ಹನ್ನೊಂದು ಸಲ ಬಸ್ಸಲ್ಲಿ ಕೂತು ನಿಮ್ಮ ವಿಮಾನ ಎಡಕ್ಕೆ ಹೊರಳಿಸಿದ್ನಾ ನಾನು? ಬಸ್ಸಲ್ಲಿ ಸೀಟೇ ಸಿಕ್ಕುದಿಲ್ಲ ನಂಗೆ."

ನಾನು ನಗಬಾರದಿತ್ತು. ನಗಲಿಲ್ಲ ಎಂದುಕೊಂಡಿದ್ದೇನೆ. ಕಾಗದ ಬರೆದು ತರುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆ ಹನ್ನೊಂದು ಸಾಲು ಸರಿಪಡಿಸಿದರೆ ಮಾತ್ರ ನಾಳೆ ಬರುತ್ತೇನೆ ಎಂದಳು. ನಾನು ಉತ್ಸಾಹದಿಂದ ಲೆಕ್ಕ ಹಾಕತೊಡಗಿದೆ. ಗಿರಣಿ ಶುರುವಾಗುವುದು ಹನ್ನೊಂದಕ್ಕೆ, ಮೊದಲ ಸಲ ಹನ್ನೊಂದು ಹತ್ತು ಇರಬಹುದು, ಎರಡನೇ ಸಲ ನೀನು ತಡವಾಗಿ ಬಂದಿದ್ದೆಯಲ್ಲ, ಹನ್ನೊಂದೂ ಕಾಲು...

"ಅವತ್ತು ಗಡಿಯಾರ ನೋಡಿದ್ರಾ ನೀವು?"

"ಇಲ್ಲ."

"ಹಂಗಾರೆ ಗೊತ್ತಿಲ್ಲ ಅಂತ ಬರೀರಿ."

"ರಿಜಿಸ್ಟರಿನಲ್ಲಿ ಹಾಗೆ ಬರೆಯುವ ಪದ್ಧತಿ ಇಲ್ಲ."

"ಪ್ರಾಣಾಯಾಮ ಬರಿಯೋ ಪದ್ಧತಿ ಇತ್ತಾ?"

ಬರೆದೆ. ನಾಲ್ಕೂವರೆಯನ್ನು ಹೊಡೆದುಹಾಕಿ, ಮೇಲೆ ಗೊತ್ತಿಲ್ಲ. ಹನ್ನೊಂದು ಸಲ. ಕೈ ಭಾರ ಎಂಬುದನ್ನೂ ಹೊಡೆದುಹಾಕಿದೆ. ಪುಟ ನೋಡಲು ಅಸಹ್ಯವಾಯಿತು. ಸರ್ ಯಂತ್ರದಿಂದ ಇಳಿದು ಬಂದು, ಕನ್ನಡಕ ಹಾಕಿಕೊಂಡು, ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಸಹಿ ಹಾಕಿದರು. ಕೊನೆಯದಕ್ಕೆ ಪೆನ್ನು ನಿಲ್ಲಿಸಿ, "ನಾಳೆ ಹತ್ತೂವರೆ. ತಡ ಮಾಡಬೇಡ," ಎಂದರು. ಅವರ ಕ್ಷಮಾಪಣೆ ಅಷ್ಟೇ. ಅವಳು ಅದನ್ನು ಸ್ವೀಕರಿಸಿದಳೋ ಇಲ್ಲವೋ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಉಳಿದದ್ದು ಒಂದು ವಾರ. ಕೈಯಿಂದ ಗಿರಣಿಯನ್ನು ಬಿಡಿಸಬೇಕು, ಅದಕ್ಕೆ ಗಿರಣಿಯೇ ಬೇಕು. ಸದ್ದು ಬಂದು ಹೋಗಿ, ಬಂದು ಹೋಗಿ, ವಿಮಾನ ಮಾತ್ರ ನೆಟ್ಟಗೇ ಇರುವುದನ್ನು ಕೈ ನಂಬಬೇಕು. ನಾನು ಪಕ್ಕಕ್ಕೆ ಹೋಗಿ ಕೇಳಿಕೊಂಡೆ.

"ಖಾಲಿ ಕಲ್ಲು ತಿರುಗಿಸಬಾರದ್ರಿ ಅಣ್ಣಾರ, ಸವೀತಾವು," ಎಂದರು ಗಿರಣಿಯ ಅಕ್ಕ. ಸ್ವಲ್ಪ ಯೋಚಿಸಿ, "ಮಂದಿ ಕಾಳ ಒಂದೀಟು ಒಂದೀಟು ಬೀಸ್ತೇನಿ ಬಿಡ್ರಿ," ಎಂದರು.

ಹಾಗೆ ಒಂದು ವಾರ ಇಸಳೂರಿನವರ ಗೋಧಿ, ರಾಗಿ, ಅಕ್ಕಿ ಕಂತುಕಂತಾಗಿ ಹಿಟ್ಟಾಯಿತು. ಅಕ್ಕ ಒಂದು ಸೇರು ಬೀಸಿ ನಿಲ್ಲಿಸುವರು, ಗೋಡೆ ತಟ್ಟುವರು, ನಾನು ಈಚೆಯಿಂದ ತಟ್ಟಿದ ಮೇಲೆ ಮತ್ತೆ ಹಚ್ಚುವರು. ಕಾದು ಕಾದು ಬೇಸತ್ತ ಒಬ್ಬರು ಕೇಳಿದ್ದು ಗೋಡೆಯ ಈಚೆಗೂ ಕೇಳಿಸಿತು: "ಎಂತ ಅಕ್ಕ, ಗಿರಣಿಗೆ ದಮ್ಮಾ?" ಅಕ್ಕ ಹೇಳಿದರು: "ಸುಮ್ನ ನಿಂದರ್ರಿ, ಹುಡುಗಿ ಇಮಾನ ಕಲಿಯಾಕತ್ತಾಳ."

ನಾನು ಗಡಿಯಾರ ಎದುರಿಗಿಟ್ಟುಕೊಂಡು ಆಗಿಂದಾಗ ಬರೆದೆ. ಮೊದಲ ದಿನ ಪ್ರತಿ ಸಲವೂ ಬಲಕ್ಕೆ ಹೊರಳಿತು. ಮೂರನೆಯ ದಿನಕ್ಕೆ ಅರ್ಧದಷ್ಟಾಯಿತು. ಹೊರಡುವ ಹಿಂದಿನ ದಿನ ಒಂದೇ ಸಲ. ಒಂದು ಸಲ ಎಂದರೂ ಸಲವೇ.

ಪರೀಕ್ಷೆಯ ದಿನ ಹಾಲಿನಲ್ಲಿ ತರಗತಿ ಇರಲಿಲ್ಲ. ಸರ್ ಮಾತ್ರ ಬಂದಿದ್ದರು. ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ. ಫೋನು ಬಂದದ್ದು ನನಗೆ.

"ಅಣ್ಣ, ಆಯ್ತು. ಪಾಸು."

ನಾನು ಫೋನನ್ನು ಎಲ್ಲರಿಗೂ ಕೇಳುವಂತೆ ಮಾಡಿದೆ. ಎಲ್ಲರೂ ಎಂದರೆ ಸರ್.

"ಸ್ಟಿಕ್ಕು ಹ್ಯಾಂಗಿತ್ತು?" ಎಂದು ಕೇಳಿದರು.

"ಹಗುರ ಇತ್ತು ಸರ್. ಭಾಳ ಚೊಲೋ ಇತ್ತು. ಆದ್ರೆ ಶುರುವಿಗೆ ಕೈ ಸುಮ್ನೆ ಕಾಯ್ತಾ ಇತ್ತು, ಈಗ ಗಿರಣಿ ಹಚ್ತಾರೆ, ಈಗ ಹಚ್ತಾರೆ ಅಂತ. ಅದ್ಕೆ ಕಡಿಗೆ ಹೇಳ್ದೆ, ಇದು ಇಸಳೂರಲ್ಲ ಮಾರಾಯ್ತಿ ಅಂತ. ಆಮೇಲೆ ಕೇಳ್ತು."

"ಎಷ್ಟು ಹೊತ್ತು ಕಾಯ್ತು?" ಎಂದು ನಾನು ಕೇಳಿದೆ.

"ಗೊತ್ತಿಲ್ಲ ಅಣ್ಣ."

ಫೋನಿಟ್ಟ ಮೇಲೆ, ತಮ್ಮ ಪ್ರಾಣಾಯಾಮದ ಪಾತ್ರವನ್ನು ಸರ್ ಸ್ವಲ್ಪ ಪ್ರಸ್ತಾಪಿಸಿದರು. ನಾನು ಅಲ್ಲಗಳೆಯಲಿಲ್ಲ. ಅವಳು ಪಾಸಾದದ್ದು ಪ್ಲಗ್ಗಿನಿಂದಲೋ, ಗಿರಣಿಯಿಂದಲೋ, ನಮ್ಮಿಂದ ಏನೂ ಆಗದಿದ್ದರೂ ಪಾಸಾಗುತ್ತಿದ್ದಳೋ, ನನಗೆ ತಿಳಿಯದು. ರಿಜಿಸ್ಟರ್ ತೆಗೆದು, ಗೋಡೆಯ ಗಡಿಯಾರ ನೋಡಿ ಬರೆದೆ. ಸಮಯ: ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷ, ಫೋನಿನಲ್ಲಿ ತಿಳಿದದ್ದು. ದೋಷ: ಕೈ ಗಿರಣಿಗಾಗಿ ಕಾಯಿತು. ಎಷ್ಟು ಹೊತ್ತು: ಗೊತ್ತಿಲ್ಲ.

"ಇದು ಮಷೀನಿಂದಲ್ಲ. ಇಲ್ಲಿ ಎಂತಕ್ಕೆ ಬರೀತೆ?" ಎಂದರು ಸರ್.

"ಮತ್ತೆ ಎಲ್ಲಿ ಬರೆಯಲಿ ಸರ್?"

ಅವರು ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. ಕಾರಣದ ಕಾಲಮು ಖಾಲಿ ಇರುವುದನ್ನು ನೋಡಿದರು, ನನ್ನನ್ನು ನೋಡಿದರು, ಸಹಿ ಹಾಕಿದರು.

ಚಾ ಬಂದಾಗ ರಿಜಿಸ್ಟರ್ ಮುಚ್ಚಿತ್ತು. ನಾಲ್ಕೂವರೆಗೆ ಮಾಡಲು ನಮ್ಮಿಬ್ಬರಿಗೂ ಯಾವ ಕೆಲಸವೂ ಇರಲಿಲ್ಲ. ಚಾ ಮಾತ್ರ ಕುಡಿದೆವು.